ನೂರಕ್ಕೆ ನೂರು ಬಂತು ಸರಿ, ಲೆಕ್ಕದಿಂದ ಬಿಟ್ಟ ಮಕ್ಕಳು ಎಲ್ಲಿ?



ಬರಹ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಬೈಯೋದಿದ್ರೆ ಓದಿದ ಮೇಲೆ ಬೈಯಿರಿ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬರ್ತಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಲ್ಲಿ ಹೋದ್ರೂ ಹೈಸ್ಕೂಲುಗಳಲ್ಲಿ ಒಂದೇ ಮಂತ್ರ: ‘ಈ ಸಲ ಹಂಡ್ರೆಡ್ ಪರ್ಸೆಂಟ್’. ಮೇ ತಿಂಗಳಲ್ಲಿ ಫಲಿತಾಂಶ ಬಂದ ಮರುದಿನವೇ ಫ್ಲೆಕ್ಸ್ ಏಳುತ್ತೆ. ಶಾಲೆಯ ಹೆಸರು, ದೊಡ್ಡದಾಗಿ ಶೇ. 100, ಟಾಪರ್‌ಗಳ ಫೋಟೋ, ಕೆಳಗಡೆ ದಾನಿಗಳ ಮತ್ತು ರಾಜಕಾರಣಿಗಳ ಫೋಟೋ. ಆ ಮಕ್ಕಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಕಷ್ಟಪಟ್ಟು ಓದಿದ್ದಾರೆ, ಅವರ ಅಪ್ಪ ಅಮ್ಮ ಹೆಮ್ಮೆ ಪಡಲಿ. ನನ್ನ ತಕರಾರು ಇರೋದು ಆ ‘ನೂರು’ ಅನ್ನೋ ಅಂಕಿ ಮೇಲೆ.

ನಾನು ಗುಮಾಸ್ತ. ಕಚೇರಿಯಲ್ಲಿ ಪ್ರಗತಿ ವರದಿ ಟೈಪ್ ಮಾಡಿ ಮಾಡಿಯೇ ತಲೆಗೂದಲು ನರೆದಿದೆ. ಶೇಕಡಾವಾರು ಹೇಗೆ ತಯಾರಾಗುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ. ಪರ್ಸೆಂಟ್ ಏರಿಸೋಕೆ ಎರಡು ದಾರಿ. ಒಂದೋ ಮೇಲಿನ ಸಂಖ್ಯೆ ಜಾಸ್ತಿ ಆಗಬೇಕು, ಅಂದ್ರೆ ಹೆಚ್ಚು ಮಕ್ಕಳಿಗೆ ಕಲಿಸಿ ಪಾಸ್ ಮಾಡಿಸಬೇಕು. ಇಲ್ಲಾ ಕೆಳಗಿನ ಸಂಖ್ಯೆ ಕಮ್ಮಿ ಆಗಬೇಕು, ಅಂದ್ರೆ ಫೇಲ್ ಆಗಬಹುದಾದ ಮಕ್ಕಳನ್ನ ಪರೀಕ್ಷೆಗೆ ಮೊದಲೇ ಲೆಕ್ಕದಿಂದ ತೆಗೀಬೇಕು. ಮೊದಲನೇದಕ್ಕೆ ಮೇಷ್ಟ್ರು ಬೇಕು, ಸಮಯ ಬೇಕು, ದುಡ್ಡು ಬೇಕು. ಎರಡನೇದಕ್ಕೆ ಒಂದು ಟಿಸಿ ಸಾಕು.

ಇದು ನಡೆಯೋ ಜಾಗ ಒಂಬತ್ತನೇ ತರಗತಿ. ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನ ಕಾಯೋದು 6ರಿಂದ 14 ವರ್ಷದವರೆಗೆ, ಎಂಟನೇ ಕ್ಲಾಸಿನವರೆಗೆ. ಒಂಬತ್ತಕ್ಕೆ ಬಂದ ಮೇಲೆ ಆ ಕೊಡೆ ಇಲ್ಲ. ಹತ್ತನೇ ಕ್ಲಾಸಿನ ಫಲಿತಾಂಶದಲ್ಲಿ ಶಾಲೆಯ ಮಾನ ಹೋಗಬಾರದು ಅಂದ್ರೆ ಒಂಬತ್ತರಲ್ಲೇ ಜರಡಿ ಹಿಡಿಯೋದು ಸುಲಭ.

ನಮ್ಮ ಕಡೆಯ ಒಂದು ಶಾಲೆ, ಹೆಸರು ಬೇಡ. ಗೇರುಬೀಜ ಕಾರ್ಖಾನೆಗೆ ಹೋಗುವ ನಮ್ಮ ಕೇರಿಯ ತಾಯಿಯೊಬ್ಬಳು ಫೋನ್ ಮಾಡಿದಳು. ‘ಅಣ್ಣಾ, ಮಗನ್ನ ಹತ್ತಕ್ಕೆ ಕೂರ್ಸುದ್ ಕಷ್ಟ ಅಂಬ್ರು. ಟೀಸಿ ತಕಂಡ್ ಹೋಯ್ನಿ, ಪ್ರೈವೇಟಾಯಿ ಕಟ್ಸಿ ಅಂಬ್ರು. ನಾನ್ ಎಂತ ಮಾಡುದ್?’ ಫೋನ್ ಬರುವಾಗಲೇ ಟಿಸಿ ಅವಳ ಕೈಯಲ್ಲಿತ್ತು. ನಾನು ಶಾಲೆಗೆ ಹೋಗಿ ಕೇಳಿದೆ. ಗದರಲಿಲ್ಲ, ಜಾತಿ ಎತ್ತಲಿಲ್ಲ, ಕುರ್ಚಿ ಕೊಟ್ಟೇ ಮಾತಾಡಿದ್ರು. ‘ಒಬ್ಬ ಫೇಲಾದ್ರೂ ಮೇಲಿಂದ ನೋಟಿಸು ಬರ್ತದೆ, ನಮ್ಮ ಕಷ್ಟ ನಿಮಗೆ ಗೊತ್ತಿಲ್ಲ’ ಅಂದ್ರು. ಆ ಹುಡುಗನಿಗೆ ಗಣಿತ ಬರ್ತಿರಲಿಲ್ಲ, ನಿಜ. ಆ ವರ್ಷ ಗಣಿತದ ಅತಿಥಿ ಶಿಕ್ಷಕರು ಬಂದಿದ್ದೇ ಆಗಸ್ಟ್‌ನಲ್ಲಿ, ಅದೂ ನಿಜ. ದಾಖಲೆಯಲ್ಲಿ ಏನು ಬರೆದಿತ್ತು ಗೊತ್ತಾ? ‘ಪೋಷಕರ ಕೋರಿಕೆಯ ಮೇರೆಗೆ’. ಇಂಥ ವಾಕ್ಯಗಳನ್ನ ನಾನೂ ದಿನಾ ಟೈಪ್ ಮಾಡ್ತೇನೆ, ಅದರ ಬೆಲೆ ನನಗೆ ಗೊತ್ತು. ಆ ಹುಡುಗ ಈಗ ಬೆಂಗಳೂರಿನ ಒಂದು ಹೋಟೆಲಲ್ಲಿ ಟೇಬಲ್ ಒರೆಸ್ತಾನೆ. ಮುಂದಿನ ವರ್ಷ ಆ ಶಾಲೆಗೆ ನೂರಕ್ಕೆ ನೂರು ಬಂತು.

‘ಪ್ರೈವೇಟಾಗಿ ಕಟ್ಟಿದ್ರೂ ಪಾಸಾಗಬಹುದಲ್ವಾ?’ ಅಂತ ಕೇಳೋರಿಗೆ ಸರ್ಕಾರದ್ದೇ ಅಂಕಿ ಕೊಡ್ತೇನೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1. ಒಟ್ಟು ಬರೆದವರು 8,42,173, ಪಾಸಾದವರು 5,24,984. ಅದು ಶೇ. 62.34. ಆದರೆ ಪೇಪರಿನ ಹೆಡ್‌ಲೈನಲ್ಲಿ ಬಂದಿದ್ದು ಶೇ. 66.14. ಯಾಕೆ? ಅದು ಶಾಲೆಯಿಂದ ಮೊದಲ ಸಲ ಬರೆದವರ ಲೆಕ್ಕ: 7,90,890 ಮಕ್ಕಳಲ್ಲಿ 5,23,075 ಪಾಸ್. ಈಗ ಒಂದರಿಂದ ಇನ್ನೊಂದನ್ನ ಕಳೀರಿ. ಉಳಿದವರು 51,283. ಮರಳಿ ಕಟ್ಟಿದವರು, ಖಾಸಗಿಯಾಗಿ ಕಟ್ಟಿದವರು ಎಲ್ಲ ಇದರಲ್ಲಿದ್ದಾರೆ. ಇವರಲ್ಲಿ ಪಾಸಾದವರು 1,909. ನೂರಕ್ಕೆ ನಾಲ್ಕು ಜನಾನೂ ಇಲ್ಲ.

ಅಂದ್ರೆ ಶಾಲೆಯ ಗೇಟು ದಾಟಿಸಿ ‘ಪ್ರೈವೇಟಾಗಿ ಕಟ್ಟು’ ಅಂತ ಕಳಿಸೋದು ಮಗುವನ್ನ ಯಾವ ಗುಂಪಿಗೆ ಕಳಿಸೋದು ಅಂತ ಈ ಲೆಕ್ಕದಲ್ಲಿದೆ. ಫ್ಲೆಕ್ಸಲ್ಲಿ ಆ ಮಕ್ಕಳು ಇಲ್ಲ, ಹೆಡ್‌ಲೈನಲ್ಲೂ ಇಲ್ಲ.

ಯಾರ ಮಕ್ಕಳು ಇವರು? ನಮ್ಮ ಕೇರಿಗಳಿಗೆ ಬಂದು ನೋಡಿ. ಕೊರಗರ ಕಾಲನಿಗೆ ಹೋಗಿ ನೋಡಿ. ಮೇಲ್ಜಾತಿ ಮನೆಯ ಮಗು ಒಂಬತ್ತರಲ್ಲಿ ಹಿಂದೆ ಬಿದ್ದರೆ ಟ್ಯೂಷನ್ ಇರುತ್ತೆ, ಅಪ್ಪ ಹೋಗಿ ಹೆಡ್‌ಮೇಷ್ಟ್ರ ಹತ್ರ ಇಂಗ್ಲಿಷಲ್ಲಿ ಎರಡು ಮಾತಾಡ್ತಾನೆ, ಟಿಸಿ ಮಾತು ಅಲ್ಲಿಗೆ ನಿಲ್ಲುತ್ತೆ. ನಮ್ಮ ತಾಯಿ ಸಹಿ ಹಾಕು ಅಂದಲ್ಲಿ ಸಹಿ ಹಾಕಿ ಬರ್ತಾಳೆ. ದಿನಗೂಲಿ ತಪ್ಪಿಸಿ ಬಂದಿರ್ತಾಳೆ, ಬೇಗ ವಾಪಸ್ ಹೋಗಬೇಕಿರುತ್ತೆ.

‘ಒಂದು ಎಸ್ಸೆಸ್ಸೆಲ್ಸಿಗೆ ಇಷ್ಟು ರಾದ್ಧಾಂತ ಯಾಕೆ’ ಅನ್ನೋರು ನಮ್ಮ ಕರಾವಳಿಯ ಹುಡುಗರನ್ನ ಕೇಳಿ. ಹತ್ತನೇ ಕ್ಲಾಸ್ ಪಾಸಾಗದವನ ಪಾಸ್‌ಪೋರ್ಟಿಗೆ ‘ಇಸಿಆರ್’ ಮುದ್ರೆ ಬೀಳುತ್ತೆ. ಗಲ್ಫಿನ ದೇಶಗಳಿಗೆ ಕೆಲಸಕ್ಕೆ ಹೋಗೋಕೆ ಅವನಿಗೆ ಬೇರೆ ಅನುಮತಿ ಬೇಕು, ಪಾಸಾದವನಿಗೆ ಬೇಡ. ಐಟಿಐನ ಹೆಚ್ಚಿನ ಟ್ರೇಡಿಗೆ, ನರ್ಸಿಂಗಿಗೆ ಹೋಗೋಕೆ ಬೇಕಾದ ಪಿಯುಸಿಗೆ, ಸರ್ಕಾರಿ ಕಚೇರಿಯ ಕೊನೆಯ ಕುರ್ಚಿಗೆ, ಎಲ್ಲದಕ್ಕೂ ಆ ಒಂದು ಹಾಳೆ ಬೇಕು. ನಾನು ಜಸ್ಟ್ ಪಾಸ್ ಗಿರಾಕಿ. ಆ ಹಾಳೆಯಿಂದ ಪಿಯುಸಿ, ಅಲ್ಲಿಂದ ಬಿಎ, ಅಲ್ಲಿಂದ ಈ ಕುರ್ಚಿ. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಕಂಡ ಮೊದಲನೇ ತಲೆಮಾರು ನನ್ನದು. ಟಿಸಿ ಕೊಟ್ಟು ಕಳಿಸಿದಾಗ ಆ ಹುಡುಗನ ಮನೆಯ ಒಂದು ತಲೆಮಾರು ಹಿಂದೆ ಹೋಗುತ್ತೆ.

ಈಗ ಬಾಬಾಸಾಹೇಬರ ವಿಷಯಕ್ಕೆ ಬರೋಣ. ಅವರ ಪದವಿಗಳ ಪಟ್ಟಿ ನಮ್ಮ ವೇದಿಕೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಕೊಲಂಬಿಯಾ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಗ್ರೇಸ್ ಇನ್. ಆದರೆ 1907ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿಂದ ಮೆಟ್ರಿಕ್ ಪಾಸಾದಾಗ ಅವರಿಗೆ ಬಂದ ಅಂಕ ಎಷ್ಟು? 750ಕ್ಕೆ 282. ಶೇ. 37.6. ಗೋಣಿಚೀಲದ ಮೇಲೆ ಕೂತು ಓದಿದ, ನಲ್ಲಿ ಮುಟ್ಟೋಕೆ ಬಿಡದ ಶಾಲೆಯಿಂದ ಬಂದ, ಒಂದು ಕೋಣೆಯ ಮನೆಯಲ್ಲಿ ದೀಪದ ಬುಡದಲ್ಲಿ ಓದಿದ ಹುಡುಗ. ಇವತ್ತು ನಮ್ಮ ಯಾವುದೋ ಶಾಲೆಯಲ್ಲಿ ಆ ಹುಡುಗ ಒಂಬತ್ತನೇ ಕ್ಲಾಸಲ್ಲಿ ಇದ್ದಿದ್ರೆ ‘ಸ್ಲೋ ಲರ್ನರ್’ ಪಟ್ಟಿಯಲ್ಲಿ ಹೆಸರು ಇರ್ತಿತ್ತು. ಟಿಸಿ ಮಾತೂ ಬರ್ತಿತ್ತೋ ಏನೋ.

ಪಾಸಾದ ಮೇಲೆ ಅವರನ್ನ ಮುಂದಕ್ಕೆ ಒಯ್ದದ್ದು ಏನು? ಕೃಷ್ಣಾಜಿ ಕೇಳುಸ್ಕರ್ ಎಂಬ ಗುರು ಕೈಗೆ ಕೊಟ್ಟ ಬುದ್ಧನ ಚರಿತ್ರೆಯ ಪುಸ್ತಕ, ಆಮೇಲೆ ಬರೋಡಾದ ಸಯಾಜಿರಾವ್ ಮಹಾರಾಜರು ಕೊಟ್ಟ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ. ನಮ್ಮ ಮಕ್ಕಳ ವಿದ್ಯಾರ್ಥಿವೇತನ ಯಾವ ತಿಂಗಳಲ್ಲಿ ಖಾತೆಗೆ ಬೀಳುತ್ತೆ ಅಂತ ಯಾರಾದ್ರೂ ಫ್ಲೆಕ್ಸ್ ಹಾಕಿದ್ದು ನೋಡಿದ್ದೀರಾ?

ಇನ್ನು ಸರ್ಕಾರದ ಔದಾರ್ಯದ ಕತೆ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಕುಸೀತು. ಮಾನ ಉಳಿಸಿಕೊಳ್ಳೋಕೆ ಕೃಪಾಂಕವನ್ನ ಶೇ. 10ರಿಂದ 20ಕ್ಕೆ ಏರಿಸಿದ್ರು. ಅಷ್ಟೆಲ್ಲ ಕೊಟ್ಟ ಮೇಲೂ ರಾಜ್ಯದ ಫಲಿತಾಂಶ ಶೇ. 73.40, ಹಿಂದಿನ ವರ್ಷದ 83.89ಕ್ಕಿಂತ ಹತ್ತು ಕಡಿಮೆ. ಮರುವರ್ಷ ಆ ಕೃಪೆಯನ್ನೂ ವಾಪಸ್ ತಗೊಂಡ್ರು. ಆ ಪದ ನೋಡಿ, ಕೃಪಾಂಕ. ಜೂನ್ ತಿಂಗಳಲ್ಲಿ ಗಣಿತದ ಮೇಷ್ಟ್ರನ್ನ ಕೊಡಿ ಅಂತ ಕೇಳಿದ್ದು ನಾವು, ಅದು ಹಕ್ಕು. ಮೇ ತಿಂಗಳಲ್ಲಿ ಅಂಕ ಕೊಟ್ಟರು, ಅದು ಕೃಪೆ. ಹಕ್ಕು ಕೇಳಿದವರಿಗೆ ಕೃಪೆ ಕೊಡೋದು ಈ ದೇಶದಲ್ಲಿ ಹಳೇ ರೂಢಿ.

2025ರ ಅಕ್ಟೋಬರ್‌ನಲ್ಲಿ ಹೊಸದು ಬಂತು. ಒಟ್ಟು ಶೇ. 33, ಅಂದ್ರೆ 625ಕ್ಕೆ 206 ಬಂದ್ರೆ ಪಾಸ್. ಪ್ರತಿ ವಿಷಯಕ್ಕೆ ಕನಿಷ್ಠ ಶೇ. 30, ಲಿಖಿತ ಪರೀಕ್ಷೆ ಮತ್ತು ಆಂತರಿಕ ಅಂಕ ಸೇರಿಸಿ. ನಮ್ಮವರಲ್ಲಿ ಕೆಲವರು ಇದನ್ನ ಸ್ವಾಗತಿಸಿ ಪೋಸ್ಟ್ ಹಾಕಿದ್ರು. ಒಂದು ಮಗು ಹೆಚ್ಚು ಪಾಸಾದ್ರೂ ನನಗೂ ಖುಷಿಯೇ. ಆದರೆ ಒಳಗೆ ಇರೋದನ್ನ ನೋಡಿ. 100ರಲ್ಲಿ 20 ಅಂಕ ಶಾಲೆಯ ಕೈಯಲ್ಲಿದೆ. 20ಕ್ಕೆ 20 ಕೊಟ್ಟ ಮಗುವಿಗೆ ಲಿಖಿತದಲ್ಲಿ 10 ಸಾಕು. 12 ಕೊಟ್ಟ ಮಗುವಿಗೆ 18 ಬೇಕು. ಆ 20 ಮತ್ತು 12ರ ನಡುವೆ ಯಾರು ಯಾರ ಮಗು ಅನ್ನೋದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿರುತ್ತೆ. ಒಳ್ಳೇ ಮೇಷ್ಟ್ರುಗಳು ನ್ಯಾಯವಾಗಿಯೇ ಕೊಡ್ತಾರೆ, ಅಂಥವರಿಂದಲೇ ನಾವೆಲ್ಲ ಓದಿದ್ದು. ಆದರೆ ಒಬ್ಬರ ಒಳ್ಳೇತನದ ಮೇಲೆ ನಮ್ಮ ಮಕ್ಕಳ ಪಾಸು ನಿಲ್ಲಬಾರದು.

ಇದೇ ಕಾರಣಕ್ಕೆ ನಮ್ಮ ಪ್ರಗತಿಪರ ಗೆಳೆಯರ ಜೊತೆಗೂ ನನಗೊಂದು ಜಗಳ ಇದೆ. ‘ಪಬ್ಲಿಕ್ ಪರೀಕ್ಷೆಯೇ ಬೇಡ, ಅದು ಮಕ್ಕಳ ಮೇಲೆ ಹಿಂಸೆ’ ಅಂತಾರೆ. ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಪರೀಕ್ಷೆ ಅಂತ ಸರ್ಕಾರ ಹೊರಟಾಗ ನಾನೂ ವಿರೋಧಿಸಿದೆ. ಹೈಕೋರ್ಟ್ ಏಕಸದಸ್ಯ ಪೀಠ ರದ್ದು ಮಾಡೋದು, ವಿಭಾಗೀಯ ಪೀಠ ನಡೆಸಿ ಅನ್ನೋದು, 2024ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಡೋದು, ಇಷ್ಟೆಲ್ಲದರ ನಡುವೆ ಹತ್ತು ವರ್ಷದ ಮಕ್ಕಳು ನಾಳೆ ಪರೀಕ್ಷೆ ಉಂಟೋ ಇಲ್ವೋ ಗೊತ್ತಿಲ್ಲದೆ ಕೂತಿದ್ದವು. ಅದು ಶುದ್ಧ ಹಿಂಸೆ. ಆದರೆ ಹತ್ತನೇ ಕ್ಲಾಸಿನ ಪರೀಕ್ಷೆ ಬೇರೆ. ಆ ಉತ್ತರ ಪತ್ರಿಕೆ ಮೇಲೆ ನಮ್ಮ ಹೆಸರಿಲ್ಲ, ಅಪ್ಪನ ಹೆಸರಿಲ್ಲ, ಕೇರಿಯ ಹೆಸರಿಲ್ಲ, ನಂಬರ್ ಒಂದೇ ಇದೆ. ಎಲ್ಲೋ ಕೂತು ತಿದ್ದುವ ಮೇಷ್ಟ್ರಿಗೆ ನಾನು ಯಾರು ಅಂತ ಗೊತ್ತಾಗಲ್ಲ. ಹುಟ್ಟಿದ ದಿನದಿಂದ ಊರೆಲ್ಲ ನಮ್ಮನ್ನ ಗುರುತು ಹಿಡಿದೇ ಮಾತಾಡುತ್ತೆ. ಗುರುತು ಹಿಡಿಯದೆ ನಮ್ಮನ್ನ ಅಳೆಯುವ ಜಾಗ ಎಷ್ಟಿದೆ? ಅದನ್ನ ಬಿಟ್ಟುಕೊಡಿ ಅಂತ ನಮಗೆ ಹೇಳೋಕೆ ಬರಬೇಡಿ.

ಪರೀಕ್ಷೆ ಇರಲಿ. ಆ ಪರೀಕ್ಷೆ ಮಗುವನ್ನ ಅಳೆಯುವಷ್ಟೇ ಸರ್ಕಾರವನ್ನೂ ಅಳೆಯಬೇಕು, ನನ್ನ ವಾದ ಇಷ್ಟೇ.

ಸರ್ಕಾರವನ್ನ ಅಳೆಯೋದು ಅಂದ್ರೆ ಹೀಗೆ. ಶಾಲೆ ಶುರುವಾಗೋದು ಜೂನ್ ಆಸುಪಾಸು. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು ಯಾವಾಗ ಬಂದ್ರು? ಅವರಿಗೆ ಗೌರವಧನ ಎಷ್ಟು, ಎಷ್ಟು ತಿಂಗಳಿಗೊಮ್ಮೆ? 2025ರಲ್ಲಿ ಎರಡು ದೊಡ್ಡ ಸಮೀಕ್ಷೆ ನಡೀತು. ಒಂದು ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಒಳಮೀಸಲಾತಿ ಸಮೀಕ್ಷೆ, ಇನ್ನೊಂದು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ. ಎರಡೂ ಬೇಕಿತ್ತು. ಬೇಕು ಅಂತ ಬೀದಿಯಲ್ಲಿ ನಿಂತವರು ನಾವೇ. ಆದರೆ ಮನೆಮನೆಗೆ ಹೋಗೋಕೆ ಸರ್ಕಾರಕ್ಕೆ ಸಿಕ್ಕಿದ್ದು ಮೇಷ್ಟ್ರುಗಳು. ದಸರಾ ರಜೆಯನ್ನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ರು. ಖಾಸಗಿ ಅನುದಾನರಹಿತ ಶಾಲೆಗಳಿಗೆ ಈ ವಿಸ್ತರಣೆ ಇರಲಿಲ್ಲ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ, ಈ ಮೂರು ಬಿಟ್ಟು ಶಿಕ್ಷಕರನ್ನ ಪಾಠೇತರ ಕೆಲಸಕ್ಕೆ ಹಾಕಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತೆ. ನಮ್ಮ ಜಾತಿಯ ಲೆಕ್ಕ ಹಿಡಿಯೋಕೆ ನಮ್ಮದೇ ಮಕ್ಕಳ ಪಾಠದ ದಿನ ಹೋಯ್ತು. ನಿರುದ್ಯೋಗಿ ಪದವೀಧರರು ಊರಿಗೆ ಹತ್ತು ಜನ ಇದ್ದಾರಲ್ಲ, ಅವರಿಗೆ ಆ ಕೆಲಸ ಮತ್ತು ಆ ದುಡ್ಡು ಕೊಟ್ಟಿದ್ರೆ ಏನಾಗ್ತಿತ್ತು?

ಕಳೆದುಹೋದ ಪಾಠಕ್ಕೆ ಪರಿಹಾರ ಅಂತ ಸಂಜೆ ವಿಶೇಷ ತರಗತಿ ಇಡ್ತಾರೆ. ಒಳ್ಳೇದೇ. ಆದರೆ ನಮ್ಮ ಕಡೆ ಬಸ್ಸಿನ ಪರಿಸ್ಥಿತಿ ಗೊತ್ತಲ್ಲ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ, ನಮ್ಮ ಒಳರಸ್ತೆಗಳಲ್ಲಿ ಓಡೋದು ಹೆಚ್ಚಾಗಿ ಖಾಸಗಿ ಬಸ್ಸು. ಗುಲ್ವಾಡಿಯ ಒಳಗಿನ ಕೇರಿಗೆ ಆರೂವರೆ ಮೇಲೆ ಒಬ್ಬಳೇ ಹುಡುಗಿ ನಡಕೊಂಡು ಬರಬೇಕು. ತಾಯಿ ಒಂದು ವಾರ ಕಳಿಸ್ತಾಳೆ, ಎರಡನೇ ವಾರ ಬೇಡ ಅಂತಾಳೆ. ಹಾಜರಿ ಪುಸ್ತಕದಲ್ಲಿ ಆ ಹುಡುಗಿಗೆ ‘ಆಸಕ್ತಿ ಇಲ್ಲ’. ಕೊನೆಗೆ ಅವಳ ಕೈಗೆ ಸಿಗೋದು ‘ಪಾಸಿಂಗ್ ಪ್ಯಾಕೇಜ್’, ಮೂವತ್ತು ಪುಟದ ಜೆರಾಕ್ಸ್. ಇಷ್ಟು ಬಾಯಿಪಾಠ ಮಾಡು, ಪಾಸಾಗ್ತಿ. ಉಳಿದ ಪುಸ್ತಕ ಅವಳಿಗಲ್ಲ. ವೇದ ಓದಬಾರದು ಅಂತ ಹಿಂದೆ ಹೇಳಿದ್ರು, ಈಗ ವಿಜ್ಞಾನದ ಅರ್ಧ ಪಾಠ ನಿನಗೆ ಬೇಡ ಅಂತಾರೆ.

ಇಷ್ಟರ ನಡುವೆ ನಮ್ಮ ಜಿಲ್ಲೆ ಪ್ರಥಮ! 2024ರಲ್ಲಿ ಉಡುಪಿ ಶೇ. 94, ದಕ್ಷಿಣ ಕನ್ನಡ 92.12. 2025ರಲ್ಲಿ ದಕ್ಷಿಣ ಕನ್ನಡ 91.12, ಉಡುಪಿ 89.96. ಒಂದು ಸ್ಥಾನ ಇಳಿದಿದ್ದಕ್ಕೆ ಸಾವಿನ ಮನೆಯ ಹಾಗೆ ಚರ್ಚೆ ಆಯ್ತು. ಅತ್ತ 2024ರಲ್ಲಿ ಕೊನೆಯಲ್ಲಿದ್ದ ಯಾದಗಿರಿ 50.59, 2025ರಲ್ಲಿ ಕೊನೆಯಲ್ಲಿದ್ದ ಕಲಬುರಗಿ 42.43. ಕರಾವಳಿಯವರು ಬುದ್ಧಿವಂತರು, ಅವರು ಹಿಂದುಳಿದವರು ಅಂತ ವಾಟ್ಸಾಪಲ್ಲಿ ಜೋಕು.

ಬುದ್ಧಿವಂತಿಕೆ ಲೆಕ್ಕ ಸ್ವಲ್ಪ ಹಿಂದಿನಿಂದ ತೆಗೀರಿ. ಗುಲ್ವಾಡಿ ಅನ್ನೋ ಹೆಸರು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿದೆ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂತು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತಾರೆ. ಎಳೆ ವಿಧವೆಯೊಬ್ಬಳು ಓದಿ, ಮರುಮದುವೆಯಾಗಿ ಹೊಸ ಬದುಕು ಕಾಣುವ ಕತೆ. ಆ ಕಾಲಕ್ಕೆ ಅದು ದೊಡ್ಡ ಮಾತು, ಗೌರವದಿಂದಲೇ ಹೇಳ್ತೇನೆ. ಅದೇ ದಶಕದಲ್ಲಿ ಮಂಗಳೂರಲ್ಲಿ ಅದೇ ಸಮುದಾಯದ ಕುದ್ಮುಲ್ ರಂಗರಾಯರು ನಮ್ಮ ಮಕ್ಕಳಿಗೆ ಶಾಲೆ ತೆರೆದ್ರು. ಅವರಿಗೆ ಸಿಕ್ಕಿದ್ದು ಸ್ವಜಾತಿಯವರ ಬಹಿಷ್ಕಾರ. ಮಿಷನ್ ಶಾಲೆ, ಪ್ರೆಸ್ಸು, ಬ್ಯಾಂಕು, ಮುಂಬಯಿಯ ಮನಿಯಾರ್ಡರ್, ಇಷ್ಟೆಲ್ಲ ನೂರಿಪ್ಪತ್ತು ವರ್ಷದಿಂದ ಕೂಡಿಬಂದು ಈ 94 ಆಗಿದೆ. ಇದರಲ್ಲಿ ನಮ್ಮ ಪಾಲು ಬಹಳ ತಡವಾಗಿ ಶುರುವಾಯ್ತು. ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನ ಈ ಜಿಲ್ಲೆಗಳಲ್ಲಿ ನಿಲ್ಲಿಸೋಕೆ 2000ದಲ್ಲಿ ಕಾಯ್ದೆಯೇ ಬರಬೇಕಾಯ್ತು. ಯಾದಗಿರಿಯ ಮಗು ದಡ್ಡ ಅಂತ ನಗುವ ಕರಾವಳಿಯ ದಲಿತ ಹುಡುಗನಿಗೆ ಇದು ನೆನಪಿರಲಿ. ಜಿಲ್ಲೆ ಜಿಲ್ಲೆ ನಡುವಿನ ಅಂತರ ಯಾವ ಕಾರಣಕ್ಕೆ ಆಗಿದೆಯೋ, ನಮ್ಮೂರಲ್ಲಿ ಪೇಟೆಗೂ ಕೇರಿಗೂ ನಡುವಿನ ಅಂತರವೂ ಅದೇ ಕಾರಣಕ್ಕೆ ಆಗಿದೆ.

ಸೌಲಭ್ಯ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೂ ಸಾಕ್ಷಿ ಇದೆ. 2024ರಲ್ಲಿ 625ಕ್ಕೆ 625 ತೆಗೆದು ರಾಜ್ಯಕ್ಕೇ ಮೊದಲು ಬಂದ ಹುಡುಗಿ ಯಾವ ಶಾಲೆಯವಳು? ಬಾಗಲಕೋಟೆ ಜಿಲ್ಲೆ ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆ. ಸರ್ಕಾರಿ ಶಾಲೆ. ಅಲ್ಲಿ ಊಟ, ಹಾಸಿಗೆ, ದೀಪ, ಪುಸ್ತಕ, ಮೇಷ್ಟ್ರು ಎಲ್ಲ ಒಂದೇ ಆವರಣದಲ್ಲಿದೆ. ಕೊನೆ ಬಸ್ಸಿನ ಚಿಂತೆ ಇಲ್ಲ. ಸರ್ಕಾರಿ ಶಾಲೆಯ ಮಕ್ಕಳಿಂದ ಆಗಲ್ಲ ಅನ್ನೋರ ಬಾಯಿ ಮುಚ್ಚಿಸೋಕೆ ಇದೊಂದೇ ಸಾಕು.

ಹಾಗಾಗಿ ಫಲಿತಾಂಶ ಬರೋಕೆ ಮೊದಲೇ ನಾವು ಕೇಳಬೇಕಾದ್ದು ಇಷ್ಟು:

1. ಪ್ರತಿ ಹೈಸ್ಕೂಲು ಶೇಕಡಾ ಜೊತೆ ಇನ್ನೊಂದು ಲೆಕ್ಕವನ್ನೂ ಗೋಡೆಗೆ ಹಾಕಲಿ. ಎರಡು ವರ್ಷದ ಹಿಂದೆ ಎಂಟನೇ ಕ್ಲಾಸಲ್ಲಿ ಎಷ್ಟು ಮಕ್ಕಳಿದ್ರು, ಅವರಲ್ಲಿ ಎಷ್ಟು ಜನ ಈ ವರ್ಷ ಹತ್ತನೇ ಪರೀಕ್ಷೆಗೆ ಕೂತ್ರು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ಲೆಕ್ಕ ಬೇರೆಯಾಗಿ.

2. ಒಂಬತ್ತನೇ ಕ್ಲಾಸಿನ ಮಗುವಿಗೆ ಟಿಸಿ ಕೊಟ್ಟರೆ ಕಾರಣ, ಮಗು ಮುಂದೆ ಸೇರುವ ಶಾಲೆಯ ಹೆಸರು ಎರಡೂ ದಾಖಲಾಗಲಿ. ಬಿಇಒ ಕಚೇರಿ ಆ ಮನೆಗೆ ಹೋಗಿ ಪರಿಶೀಲಿಸಲಿ.

3. ಆಂತರಿಕ ಅಂಕವನ್ನ ಮಂಡಳಿಗೆ ಕಳಿಸುವ ಮೊದಲು ಪೋಷಕರಿಗೆ ತೋರಿಸಿ ಸಹಿ ಪಡೆಯಲಿ.

4. ಜೂನ್ ಮುಗಿಯೋದರೊಳಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರು ಇಲ್ಲದ ಶಾಲೆಗಳ ಪಟ್ಟಿ ಪ್ರಕಟವಾಗಲಿ. ಫಲಿತಾಂಶ ಕಡಿಮೆ ಬಂದ್ರೆ ಮೊದಲ ನೋಟಿಸು ಹುದ್ದೆ ಖಾಲಿ ಬಿಟ್ಟವರಿಗೆ ಹೋಗಲಿ.

5. ಸಂಜೆ ತರಗತಿ ಇಟ್ಟರೆ ಜೊತೆಗೆ ತಿಂಡಿ, ವಾಪಸ್ ಹೋಗೋಕೆ ವಾಹನ. ಎಸ್‌ಸಿಎಸ್‌ಪಿ, ಟಿಎಸ್‌ಪಿ ಹಣ ಇರೋದೇ ಇದಕ್ಕೆ, ಬೇರೆ ಯೋಜನೆಗಳ ತೂತು ಮುಚ್ಚೋಕಲ್ಲ.

ನಮ್ಮ ಸಂಘಟನೆಯ ಗೆಳೆಯರಿಗೆ ಒಂದು ಮಾತು. ಏಪ್ರಿಲ್ 14ರ ಮೆರವಣಿಗೆಗೆ ನಾವು ತಿಂಗಳು ಮೊದಲೇ ತಯಾರಾಗ್ತೇವೆ. ಎಸ್‌ಡಿಎಂಸಿ ಸಭೆಗೆ ನಮ್ಮಲ್ಲಿ ಎಷ್ಟು ಜನ ಹೋಗ್ತಾರೆ? ಗ್ರಾಮಸಭೆಯಲ್ಲಿ ಶಾಲೆ ವಿಷಯ ಬಂದಾಗ ಎದ್ದು ನಿಲ್ಲೋರು ಯಾರು? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಿಮ್ಮ ಊರಿನ ಶಾಲೆಯಲ್ಲಿ ಕಳೆದ ಮೂರು ವರ್ಷ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳ ಸಂಖ್ಯೆ, ಕೊಟ್ಟ ಟಿಸಿಗಳ ಸಂಖ್ಯೆ, ಇಷ್ಟು ಕೇಳಿ. ಅರ್ಜಿ ಹೇಗೆ ಬರೆಯೋದು ಗೊತ್ತಿಲ್ಲದಿದ್ರೆ ಇನ್‌ಬಾಕ್ಸಿಗೆ ಬನ್ನಿ. ಬರೆದು ಕೊಡ್ತೇನೆ, ನನಗೆ ಬರುವ ಕೆಲಸವೇ ಅದು.

ಮತ್ತೆ ಒಂಬತ್ತು, ಹತ್ತರಲ್ಲಿ ಓದುವ ಮಕ್ಕಳಿರುವ ಅಕ್ಕಂದಿರೇ, ಅಣ್ಣಂದಿರೇ: ಶಾಲೆಯಲ್ಲಿ ಟಿಸಿ ಮಾತು ಎತ್ತಿದ್ರೆ ಅಲ್ಲೇ ಸಹಿ ಹಾಕಬೇಡಿ. ‘ನೀವು ಹೇಳಿದ್ದನ್ನ ಬರೆದು ಕೊಡಿ’ ಅನ್ನಿ. ಮನೆಗೆ ಬನ್ನಿ, ನಮಗೊಂದು ಫೋನ್ ಮಾಡಿ. ಶಾಲೆಯ ಪರ್ಸೆಂಟ್ ಕಾಯೋದು ನಿಮ್ಮ ಮಗುವಿನ ಕೆಲಸ ಅಲ್ಲ.

ಓದಿ, ಶೇರ್ ಮಾಡಿ. ನಿಮ್ಮೂರಲ್ಲೂ ಹೀಗೆ ನಡೆದಿದ್ರೆ ಶಾಲೆಯ, ಮಗುವಿನ ಹೆಸರು ಹಾಕದೆ ಕಾಮೆಂಟಲ್ಲಿ ಬರೀರಿ. ಲೆಕ್ಕ ಹಿಡಿಯೋಣ.

ಜೈ ಭೀಮ್.